ನಾಡಿ ಮಿಡಿಯುವ ಯಂತ್ರ

ಮಕ್ಕಳೇ, ನಿಮ್ಮ ಬಲಗೈಯ ಎರಡು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬದಿಗೆ ಮೆಲ್ಲನೆ ಇಡಿರಿ. ಟಕ್, ಟಕ್, ಟಕ್ ಎಂದು ಒಳಗೆ ಏನೋ ಮಿಡಿಯುವುದು ತಿಳಿಯುತ್ತದೆ. ಅದೇ ನಾಡಿ. ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿರಿ. ಸುಮ್ಮನೆ ಕುಳಿತಿದ್ದಾಗ ನಿಮ್ಮ ವಯಸ್ಸಿನವರ ನಾಡಿ ನಿಮಿಷಕ್ಕೆ ಸುಮಾರು 70ರಿಂದ 100 ಸಲ ಮಿಡಿಯುತ್ತದೆ.

ನಮ್ಮ ನಾಡಿಯಂತೆಯೇ ಮಿಡಿಯುವ ಒಂದು ಯಂತ್ರವಿದೆ. ಅದರ ಹೆಸರು ಪಲ್ಸ್‌ಜೆಟ್. ಇಂಗ್ಲಿಷಿನಲ್ಲಿ ನಾಡಿಯ ಮಿಡಿತಕ್ಕೆ ‘ಪಲ್ಸ್’ ಎನ್ನುತ್ತಾರೆ. ರಭಸದಿಂದ ಚಿಮ್ಮುವ ಧಾರೆಗೆ ‘ಜೆಟ್’ ಎನ್ನುತ್ತಾರೆ. ಬಿಸಿಗಾಳಿಯನ್ನು ಬಿಟ್ಟು ಬಿಟ್ಟು ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ಸಾಗುವ ಯಂತ್ರವೇ ಪಲ್ಸ್‌ಜೆಟ್. ಹಲವು ದೇಶಗಳಲ್ಲಿ ಹವ್ಯಾಸಿಗಳು ಈ ಯಂತ್ರವನ್ನು ಪುಟ್ಟ ಮಾದರಿ ವಿಮಾನಕ್ಕೆ ಜೋಡಿಸಿ ಹಾರಿಸುತ್ತಾರೆ. ಹೊಟ್ಟೆಪಾಡಿಗಾಗಿ ಅಲ್ಲ, ಕೇವಲ ಪ್ರೀತಿಯಿಂದ, ಬಿಡುವಿನ ವೇಳೆಯಲ್ಲಿ ಒಂದು ಕೆಲಸವನ್ನು ಮಾಡುವವರೇ ಹವ್ಯಾಸಿಗಳು.

ಈ ಯಂತ್ರದಲ್ಲಿ ತಿರುಗುವ ಚಕ್ರವಿಲ್ಲ. ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ ಇಲ್ಲ. ನೋಡಲು ಅದು ಒಂದು ಕೊಳವೆ, ಅಷ್ಟೇ. ಹಾಗಿದ್ದರೂ ಅದು ವಿಮಾನವನ್ನು ಹಾರಿಸುತ್ತದೆ. ಹೇಗೆ? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ವರ್ಗದ ಬಲೂನು, ಜಾತ್ರೆಯ ದೋಣಿ ಮತ್ತು ಕಮ್ಮಾರನ ತಿದಿ, ಈ ಮೂರು ಸಾಕು.

ಬಲೂನು ಹೇಳುವ ಪಾಠ

ಒಂದು ಉದ್ದನೆಯ ದಾರ ತೆಗೆದುಕೊಳ್ಳಿರಿ. ತಂಪು ಪಾನೀಯ ಕುಡಿಯುವ ಕೊಳವೆಯ ತುಂಡಿನೊಳಗಿಂದ ಅದನ್ನು ತೂರಿಸಿರಿ. ಆಮೇಲೆ ದಾರವನ್ನು ವರ್ಗದ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಿಗಿಯಾಗಿ ಕಟ್ಟಿರಿ. ಬಲೂನನ್ನು ಊದಿ, ಅದರ ಬಾಯಿಯನ್ನು ಬೆರಳುಗಳಿಂದ ಒತ್ತಿ ಹಿಡಿಯಿರಿ. ಗೆಳೆಯನ ಸಹಾಯದಿಂದ ಅದನ್ನು ಕೊಳವೆಗೆ ಅಂಟುಪಟ್ಟಿಯಿಂದ ಅಂಟಿಸಿರಿ. ಈಗ ಬಾಯಿಯನ್ನು ಬಿಟ್ಟುಬಿಡಿರಿ. ಬಲೂನು ಸರ್ರನೆ ದಾರದ ಮೇಲೆ ಓಡುತ್ತದೆ.

ಗಾಳಿ ಯಾವ ಕಡೆಗೆ ಹೋಯಿತು? ಹಿಂದಕ್ಕೆ. ಬಲೂನು ಯಾವ ಕಡೆಗೆ ಹೋಯಿತು? ಮುಂದಕ್ಕೆ. ನಾವು ಒಂದು ವಸ್ತುವನ್ನು ಹಿಂದಕ್ಕೆ ತಳ್ಳಿದರೆ ಅದು ನಮ್ಮನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಈ ನಿಯಮವನ್ನು ಐಸಾಕ್ ನ್ಯೂಟನ್ ಎಂಬ ವಿಜ್ಞಾನಿ 1687ರಲ್ಲಿ ತನ್ನ ಗ್ರಂಥದಲ್ಲಿ ಬರೆದಿಟ್ಟನು. ದೋಣಿಯಿಂದ ದಂಡೆಗೆ ಜಿಗಿದಾಗ ದೋಣಿ ಹಿಂದೆ ಸರಿಯುವುದಕ್ಕೂ ಇದೇ ಕಾರಣ. ರಾಕೆಟ್ಟು ಮೇಲೇರುವುದಕ್ಕೂ ಇದೇ ಕಾರಣ.

ಆದರೆ ಬಲೂನಿನ ಗಾಳಿ ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ಮತ್ತೆ ಮತ್ತೆ ತಾನೇ ಉಸಿರೆಳೆದು, ಮತ್ತೆ ಮತ್ತೆ ತಾನೇ ಊದುವ ಬಲೂನು ಇದ್ದರೆ ಎಷ್ಟು ಚೆನ್ನ! ಅಂಥ ಒಂದು ಆಟಿಕೆ ಇದೆ. ಅದನ್ನು ನೋಡಲು ಜಾತ್ರೆಗೆ ಹೋಗೋಣ.

ಜಾತ್ರೆಯ ದೋಣಿ

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಅಕ್ಕಲಕೋಟೆಯಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಜನರು ಬರುತ್ತಾರೆ. ಇಂಥ ಜಾತ್ರೆಗಳ ಆಟಿಕೆ ಅಂಗಡಿಗಳಲ್ಲಿ ನೀರು ತುಂಬಿದ ಅಗಲವಾದ ಬೋಗುಣಿಯಲ್ಲಿ ತಗಡಿನ ಪುಟ್ಟ ದೋಣಿಯೊಂದು ‘ಪಟ್ ಪಟ್ ಪಟ್’ ಎಂದು ಸದ್ದು ಮಾಡುತ್ತ ಸುತ್ತುವುದನ್ನು ನೀವು ನೋಡಿರಬಹುದು. ಅದಕ್ಕೆ ಕೀಲಿ ಇಲ್ಲ, ಸೆಲ್ ಇಲ್ಲ. ಒಳಗೆ ಒಂದು ಸಣ್ಣ ಮೇಣದ ಬತ್ತಿ ಅಥವಾ ಎಣ್ಣೆಯ ಬತ್ತಿ ಉರಿಯುತ್ತಿರುತ್ತದೆ. ಇಂಗ್ಲೆಂಡಿನಲ್ಲಿ ಥಾಮಸ್ ಪಿಯೊ ಎಂಬವನು 1891ರಲ್ಲಿಯೇ ಇಂಥ ದೋಣಿಗೆ ಹಕ್ಕುಪತ್ರ ಪಡೆದಿದ್ದನು.

ದೋಣಿಯ ಒಳಗೆ ತಗಡಿನ ಚಿಕ್ಕ ಡಬ್ಬಿ ಇದೆ. ಅದರಿಂದ ಎರಡು ಸಣ್ಣ ಕೊಳವೆಗಳು ಹೊರಟು ದೋಣಿಯ ಹಿಂಭಾಗದಲ್ಲಿ ನೀರಿನೊಳಗೆ ತೆರೆದಿವೆ. ಬತ್ತಿ ಉರಿದಾಗ ಡಬ್ಬಿಯಲ್ಲಿನ ನೀರು ಉಗಿಯಾಗುತ್ತದೆ. ಉಗಿ ಹಿಗ್ಗಿ ಕೊಳವೆಯಲ್ಲಿನ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ದೋಣಿ ಮುಂದಕ್ಕೆ ಸರಿಯುತ್ತದೆ. ಆಗ ಉಗಿ ತಣಿದು ಕುಗ್ಗುತ್ತದೆ. ಕೊಳವೆಯೊಳಕ್ಕೆ ಮತ್ತೆ ನೀರು ನುಗ್ಗುತ್ತದೆ. ಮತ್ತೆ ಉಗಿ, ಮತ್ತೆ ಚಿಮ್ಮುವಿಕೆ. ಹೀಗೆ ದೋಣಿ ಉಸಿರಾಡುತ್ತಲೇ ಇರುತ್ತದೆ.

ಇಲ್ಲಿ ಜಾಣ ಮಕ್ಕಳು ಒಂದು ಪ್ರಶ್ನೆ ಕೇಳಬಹುದು: “ನೀರು ಹೊರಗೆ ಚಿಮ್ಮಿದಾಗ ದೋಣಿ ಮುಂದೆ ಹೋಗುತ್ತದೆ, ಸರಿ. ನೀರು ಒಳಗೆ ಬರುವಾಗ ಅದು ಹಿಂದಕ್ಕೆ ಬರಬೇಕಲ್ಲವೇ?” ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ದೇವರ ಮುಂದಿನ ದೀಪವನ್ನು ನೆನಪಿಸಿಕೊಳ್ಳಿರಿ. ತುಸು ದೂರದಿಂದ ಜೋರಾಗಿ ಊದಿದರೆ ದೀಪ ಆರುತ್ತದೆ. ಅಷ್ಟೇ ದೂರದಿಂದ ಎಷ್ಟೇ ಜೋರಾಗಿ ಉಸಿರೆಳೆದುಕೊಂಡರೂ ದೀಪ ಆರುವುದಿಲ್ಲ. ಏಕೆಂದರೆ ಊದಿದ ಗಾಳಿ ಒಂದೇ ದಿಕ್ಕಿಗೆ ಧಾರೆಯಾಗಿ ಹೋಗುತ್ತದೆ. ಎಳೆದುಕೊಂಡ ಗಾಳಿ ಮಾತ್ರ ಎಲ್ಲ ದಿಕ್ಕುಗಳಿಂದಲೂ ಸ್ವಲ್ಪ ಸ್ವಲ್ಪ ಬರುತ್ತದೆ. ದೋಣಿಯ ನೀರೂ ಹಾಗೆಯೇ. ಹೊರಗೆ ಹೋಗುವಾಗ ಅದು ಧಾರೆ, ಒಳಗೆ ಬರುವಾಗ ಸುತ್ತಲಿನ ನೀರು. ಆದ್ದರಿಂದ ದೋಣಿ ಮುಂದಕ್ಕೇ ಸಾಗುತ್ತದೆ.

ಕಮ್ಮಾರನ ತಿದಿ

ಇನ್ನು ಕುಲುಮೆಗೆ ಬನ್ನಿರಿ. ಕಮ್ಮಾರರು ಬೆಂಕಿಗೆ ಗಾಳಿ ಹಾಕಲು ಹಿಂದೆ ಚರ್ಮದ ತಿದಿಯನ್ನು ಒತ್ತುತ್ತಿದ್ದರು. ತಿದಿಗೆ ಒಂದು ರಂಧ್ರವಿದೆ. ಅದರ ಒಳಬದಿಗೆ ಚರ್ಮದ ಸಣ್ಣ ಮುಚ್ಚಳವಿದೆ. ತಿದಿಯನ್ನು ಎತ್ತಿದಾಗ ಮುಚ್ಚಳ ತೆರೆಯುತ್ತದೆ, ಗಾಳಿ ಒಳಗೆ ಬರುತ್ತದೆ. ಒತ್ತಿದಾಗ ಅದೇ ಗಾಳಿ ಮುಚ್ಚಳವನ್ನು ಒತ್ತಿ ಮುಚ್ಚುತ್ತದೆ. ಗಾಳಿಗೆ ಬಂದ ದಾರಿಯಲ್ಲಿ ಮರಳಿ ಹೋಗಲು ಆಗುವುದಿಲ್ಲ. ಅದು ಮುಂದಿನ ಕೊಳವೆಯಿಂದ ಬೆಂಕಿಯತ್ತ ನುಗ್ಗುತ್ತದೆ. ಒಂದೇ ಕಡೆಗೆ ದಾರಿ ಬಿಡುವ ಇಂಥ ಮುಚ್ಚಳಕ್ಕೆ ಕವಾಟ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದೇ ‘ವಾಲ್ವ್’. ಸೈಕಲ್ಲಿನ ಟ್ಯೂಬಿನಲ್ಲಿಯೂ ವಾಲ್ವ್ ಇದೆ. ನಮ್ಮ ಹೃದಯದಲ್ಲಿಯೂ ಕವಾಟಗಳಿವೆ.

ಬಲೂನಿನ ತಳ್ಳುವಿಕೆ, ದೋಣಿಯ ಬಿಟ್ಟು ಬಿಟ್ಟು ಚಿಮ್ಮುವಿಕೆ, ತಿದಿಯ ಕವಾಟ. ಈ ಮೂರನ್ನೂ ಒಂದು ಕೊಳವೆಯಲ್ಲಿ ಸೇರಿಸಿದರೆ ಪಲ್ಸ್‌ಜೆಟ್ ಆಗುತ್ತದೆ.

ಯಂತ್ರದ ಉಸಿರಾಟ

ಪಲ್ಸ್‌ಜೆಟ್‌ಗೆ ಮೂರು ಭಾಗಗಳು. ಮುಂದೆ ತಲೆ, ನಡುವೆ ಉರಿಯುವ ಕೋಣೆ, ಹಿಂದೆ ಉದ್ದನೆಯ ಬಾಲದ ಕೊಳವೆ. ತಲೆಯಲ್ಲಿ ತೆಳುವಾದ ಉಕ್ಕಿನ ಕವಾಟಗಳಿರುತ್ತವೆ. ಮಾದರಿ ವಿಮಾನದ ಯಂತ್ರಗಳಲ್ಲಿ ಇವು ಹೂವಿನ ದಳಗಳಂತೆ ಸುತ್ತಲೂ ಜೋಡಣೆಗೊಂಡಿರುತ್ತವೆ. ಇದು ಕೆಲಸ ಮಾಡುವ ರೀತಿಯನ್ನು ನಾಲ್ಕು ಹೆಜ್ಜೆಗಳಲ್ಲಿ ತಿಳಿಯೋಣ.

ಮೊದಲನೆಯ ಹೆಜ್ಜೆ: ಕವಾಟದ ದಳಗಳು ತೆರೆಯುತ್ತವೆ. ಗಾಳಿ ಮತ್ತು ಇಂಧನದ ಸಣ್ಣ ಹನಿಗಳು ಬೆರೆತು ಉರಿಯುವ ಕೋಣೆಯೊಳಗೆ ಬರುತ್ತವೆ.

ಎರಡನೆಯ ಹೆಜ್ಜೆ: ಈ ಮಿಶ್ರಣಕ್ಕೆ ಬೆಂಕಿ ತಗುಲಿ ಅದು ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಬಿಸಿಗಾಳಿ ಹಿಗ್ಗಿ ದಳಗಳನ್ನು ಒತ್ತಿ ಮುಚ್ಚುತ್ತದೆ. ಮುಂದಿನ ದಾರಿ ಬಂದಾಯಿತು.

ಮೂರನೆಯ ಹೆಜ್ಜೆ: ಉಳಿದ ದಾರಿ ಬಾಲದ ಕೊಳವೆ ಒಂದೇ. ಬಿಸಿಗಾಳಿ ಅದರಿಂದ ರಭಸವಾಗಿ ಹೊರಗೆ ಚಿಮ್ಮುತ್ತದೆ. ಯಂತ್ರ ಮುಂದಕ್ಕೆ ತಳ್ಳಲ್ಪಡುತ್ತದೆ.

ನಾಲ್ಕನೆಯ ಹೆಜ್ಜೆ: ಓಡುವ ಬಸ್ಸು ಬ್ರೇಕು ಹಾಕಿದೊಡನೆ ನಿಲ್ಲುವುದಿಲ್ಲ, ತುಸು ಮುಂದೆ ಹೋಗಿಯೇ ನಿಲ್ಲುತ್ತದೆ. ಹಾಗೆಯೇ ರಭಸದಿಂದ ಹೊರಟ ಬಿಸಿಗಾಳಿ ಬೇಕಾದುದಕ್ಕಿಂತ ಹೆಚ್ಚಾಗಿಯೇ ಹೊರಗೆ ಹೋಗಿಬಿಡುತ್ತದೆ. ಕೋಣೆಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆಗ ಹೊರಗಿನ ಗಾಳಿ ದಳಗಳನ್ನು ತೆರೆದು ಒಳಗೆ ನುಗ್ಗುತ್ತದೆ. ಒಳಗೆ ಉಳಿದ ಬಿಸಿಯೇ ಹೊಸ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಮತ್ತೆ ಮೊದಲನೆಯ ಹೆಜ್ಜೆ.

ಯಂತ್ರವನ್ನು ಆರಂಭಿಸುವಾಗ ಮಾತ್ರ ಹೊರಗಿನಿಂದ ಗಾಳಿ ಊದಬೇಕು, ವಿದ್ಯುತ್ತಿನ ಕಿಡಿ ಕೊಡಬೇಕು. ಒಮ್ಮೆ ನಾಡಿ ಮಿಡಿಯತೊಡಗಿದರೆ ಕಿಡಿಯ ಅವಶ್ಯಕತೆ ಇಲ್ಲ. ಇಂಧನ ಮುಗಿಯುವವರೆಗೆ ಅದು ತಾನಾಗಿಯೇ ಮಿಡಿಯುತ್ತದೆ.

ಎಷ್ಟು ಬೇಗ ಮಿಡಿಯುತ್ತದೆ?

ಸೊಲ್ಲಾಪುರದ ಚಾದರ ಮತ್ತು ಟಾವೆಲ್ಲುಗಳು ದೇಶದಲ್ಲೆಲ್ಲ ಹೆಸರುವಾಸಿ. ನಿಮ್ಮಲ್ಲಿ ಹಲವರು ಮಗ್ಗದ ಖಟ್ ಖಟ್ ಸದ್ದು ಕೇಳುತ್ತಲೇ ಬೆಳೆದವರು. ಸಾದಾ ವಿದ್ಯುತ್ ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಓಡುತ್ತದೆ. ಆದರೂ ಪ್ರತಿಯೊಂದು ಖಟ್ ನಮಗೆ ಬೇರೆಯಾಗಿಯೇ ಕೇಳಿಸುತ್ತದೆ. ಮಾದರಿ ವಿಮಾನದ ಪಲ್ಸ್‌ಜೆಟ್ ಒಂದು ನಿಮಿಷಕ್ಕಲ್ಲ, ಒಂದು ಸೆಕೆಂಡಿಗೇ ಸುಮಾರು 200 ಸಲ ಮಿಡಿಯುತ್ತದೆ. ಅಂದರೆ ಒಂದು ನಿಮಿಷಕ್ಕೆ ಎಷ್ಟಾಯಿತು? 200 ಗುಣಿಸು 60, ಅಂದರೆ 12,000 ಸಲ! ಇಷ್ಟು ಬೇಗ ಬಂದ ಸದ್ದುಗಳನ್ನು ನಮ್ಮ ಕಿವಿ ಬಿಡಿಬಿಡಿಯಾಗಿ ಕೇಳಲಾರದು. ಎಲ್ಲವೂ ಸೇರಿ ‘ಭರ್ರ್’ ಎಂಬ ಒಂದೇ ಭಾರಿ ಸದ್ದಾಗುತ್ತದೆ.

ಮಿಡಿತದ ವೇಗವು ಕೊಳವೆಯ ಉದ್ದವನ್ನು ಅವಲಂಬಿಸಿರುತ್ತದೆ. ಇದನ್ನೂ ನೀವು ಪರೀಕ್ಷಿಸಬಹುದು. ಖಾಲಿ ಬಾಟಲಿಯ ಅಂಚಿಗೆ ತುಟಿ ಹಚ್ಚಿ ಊದಿರಿ. ‘ಬೂಂ’ ಎಂಬ ದಪ್ಪ ಸ್ವರ ಬರುತ್ತದೆ. ಈಗ ಅರ್ಧ ಬಾಟಲಿ ನೀರು ತುಂಬಿ ಊದಿರಿ. ಸ್ವರ ತೆಳುವಾಗುತ್ತದೆ. ಉದ್ದನೆಯ ಕೊಳಲಿನ ಸ್ವರ ದಪ್ಪ, ಗಿಡ್ಡ ಕೊಳಲಿನ ಸ್ವರ ತೆಳು. ಪಲ್ಸ್‌ಜೆಟ್ಟೂ ಒಂದು ಬಗೆಯ ಕೊಳಲೇ. ಸುಮಾರು ಅರ್ಧ ಮೀಟರ್ ಉದ್ದದ ಯಂತ್ರ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಮಿಡಿದರೆ, ಸುಮಾರು ಮೂರೂವರೆ ಮೀಟರ್ ಉದ್ದದ ಯಂತ್ರ ಸೆಕೆಂಡಿಗೆ 50ಕ್ಕಿಂತ ಕಡಿಮೆ ಸಲ ಮಿಡಿಯುತ್ತದೆ.

ಕವಾಟವೇ ಇಲ್ಲದ ಪಲ್ಸ್‌ಜೆಟ್‌ಗಳೂ ಇವೆ. ಅವುಗಳ ಕೊಳವೆಯನ್ನು ಜಡೆಪಿನ್ನಿನಂತೆ ಬಾಗಿಸಿ, ಎರಡೂ ಬಾಯಿಗಳನ್ನು ಹಿಂದಕ್ಕೆ ತಿರುಗಿಸಿರುತ್ತಾರೆ. ಬಿಸಿಗಾಳಿ ಯಾವ ಬಾಯಿಯಿಂದ ಬಂದರೂ ಹಿಂದಕ್ಕೇ ಚಿಮ್ಮುತ್ತದೆ. ಅಮೆರಿಕದ ಹಿಲ್ಲರ್ ವಿಮಾನ ಕಂಪನಿಯಲ್ಲಿ ಲಾಕ್‌ವುಡ್ ಎಂಬ ಎಂಜಿನಿಯರ್ ಇಂಥ ಯಂತ್ರಗಳ ಮೇಲೆ ಬಹಳ ಪ್ರಯೋಗಗಳನ್ನು ಮಾಡಿದನು. ಕವಾಟ ಸುಟ್ಟುಹೋಗುವ ಚಿಂತೆ ಇಲ್ಲದ್ದರಿಂದ ಇಂದಿನ ಹವ್ಯಾಸಿಗಳಲ್ಲಿ ಅನೇಕರು ಇದನ್ನೇ ಇಷ್ಟಪಡುತ್ತಾರೆ.

ಹವ್ಯಾಸಿಗಳ ಕೈಯಲ್ಲಿ

ಎರಡನೆಯ ಮಹಾಯುದ್ಧ ಮುಗಿದ ಹೊತ್ತಿಗೆ, ಅಂದರೆ 1940ರ ದಶಕದಲ್ಲಿ, ಅಮೆರಿಕದಲ್ಲಿ ‘ಡೈನಾ-ಜೆಟ್’ ಎಂಬ ಪುಟ್ಟ ಪಲ್ಸ್‌ಜೆಟ್ ಹವ್ಯಾಸಿಗಳಿಗಾಗಿ ಮಾರಾಟಕ್ಕೆ ಬಂದಿತು. ಅದರ ಉದ್ದ ಸುಮಾರು ಅರ್ಧ ಮೀಟರ್. ತೂಕ ಸುಮಾರು ಅರ್ಧ ಕಿಲೋ. ಆದರೆ ಅದರ ತಳ್ಳುವ ಬಲ ಸುಮಾರು 2 ಕಿಲೋ ತೂಕವನ್ನು ಎತ್ತುವಷ್ಟು. ತನ್ನ ತೂಕದ ನಾಲ್ಕು ಪಟ್ಟು ಬಲ! ಅದರ ತಲೆಯ ಬಣ್ಣ ಕೆಂಪಾಗಿದ್ದುದರಿಂದ ಅದಕ್ಕೆ ‘ಕೆಂಪು ತಲೆ’ ಎಂಬ ಅರ್ಥದ ಹೆಸರೂ ಬಂದಿತು.

ಅಷ್ಟು ವೇಗದ ವಿಮಾನವನ್ನು ಹಿಡಿತದಲ್ಲಿಡುವುದು ಹೇಗೆ? ಸುಗ್ಗಿಯ ಕಾಲದಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಅದರ ಸುತ್ತ ತಿರುಗಿಸುತ್ತಿದ್ದರೆಂದು ನಿಮ್ಮ ಅಜ್ಜ ಹೇಳಿರಬಹುದು. ಮಾದರಿ ವಿಮಾನವನ್ನೂ ಹಾಗೆಯೇ ತಿರುಗಿಸುತ್ತಾರೆ. ಹಾರಿಸುವವನು ವೃತ್ತದ ನಡುವೆ ನಿಲ್ಲುತ್ತಾನೆ. ಅವನ ಕೈಯಿಂದ ವಿಮಾನದವರೆಗೆ ತೆಳುವಾದ, ಗಟ್ಟಿಯಾದ ಉಕ್ಕಿನ ತಂತಿಗಳಿರುತ್ತವೆ. ವಿಮಾನ ಅವನ ಸುತ್ತ ವೃತ್ತಾಕಾರವಾಗಿ ಹಾರುತ್ತದೆ. ತಂತಿಯನ್ನು ತುಸು ಎಳೆದರೆ ಮೇಲೇರುತ್ತದೆ ಅಥವಾ ಕೆಳಗಿಳಿಯುತ್ತದೆ. 1971ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಹೀಗೆ ತಂತಿಗೆ ಕಟ್ಟಿದ ಮಾದರಿ ವಿಮಾನವೊಂದು ಗಂಟೆಗೆ 395 ಕಿಲೋಮೀಟರಿಗಿಂತ ಹೆಚ್ಚು ವೇಗದಿಂದ ಹಾರಿ ವಿಶ್ವದಾಖಲೆ ಮಾಡಿತು. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಅದೇ ವೇಗದಲ್ಲಿ ಹೋದರೆ ಈ ದಾರಿಗೆ ಎಷ್ಟು ಹೊತ್ತು ಬೇಕು? ಲೆಕ್ಕ ಮಾಡಿ ನೋಡಿರಿ. ಸುಮಾರು 6 ನಿಮಿಷ ಸಾಕು.

ಹವ್ಯಾಸಿಯ ಕೆಲಸ ಹಾರಿಸುವುದರಿಂದ ಆರಂಭವಾಗುವುದಿಲ್ಲ. ಮೊದಲು ಅವನು ಚಿತ್ರ ಬರೆಯುತ್ತಾನೆ. ಪ್ರತಿಯೊಂದು ಭಾಗವನ್ನು ಅಳೆಯುತ್ತಾನೆ, ತೂಗುತ್ತಾನೆ. ರೆಕ್ಕೆಗಳಿಗೆ ಬಾಲ್ಸಾ ಎಂಬ ಬಲು ಹಗುರವಾದ ಕಟ್ಟಿಗೆ ಬಳಸುತ್ತಾನೆ. ಈ ಮರ ದಕ್ಷಿಣ ಅಮೆರಿಕದಲ್ಲಿ ಬೆಳೆಯುತ್ತದೆ. ಆದರೆ ಪಲ್ಸ್‌ಜೆಟ್‌ನ ಬಾಲದ ಕೊಳವೆ ಕುಲುಮೆಯಲ್ಲಿನ ಕಬ್ಬಿಣದಂತೆ ಕೆಂಪಗೆ ಕಾಯುತ್ತದೆ. ಕಟ್ಟಿಗೆಯ ಹತ್ತಿರ ಅದನ್ನು ಇಡುವಂತಿಲ್ಲ. ಆದ್ದರಿಂದ ಯಂತ್ರವನ್ನು ವಿಮಾನದ ಮೇಲ್ಭಾಗದಲ್ಲಿಯೋ ಬದಿಯಲ್ಲಿಯೋ, ನಡುವೆ ಅಂತರ ಬಿಟ್ಟು, ಲೋಹದ ಆಸರೆಗಳ ಮೇಲೆ ಕೂಡಿಸುತ್ತಾರೆ. ಆಮೇಲೆ ವಿಮಾನದ ಸಮತೋಲವನ್ನು ನೋಡುತ್ತಾರೆ. ತಲೆ ಭಾರವಾದರೆ ವಿಮಾನ ಮುಗ್ಗರಿಸುತ್ತದೆ. ಬಾಲ ಭಾರವಾದರೆ ಮೂತಿ ಎತ್ತಿ ಉರುಳುತ್ತದೆ.

ಇಷ್ಟೆಲ್ಲ ಮಾಡಿದರೂ ಯಂತ್ರ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ಗಾಳಿ ಹೆಚ್ಚಾದರೆ ಆರುತ್ತದೆ. ಇಂಧನ ಹೆಚ್ಚಾದರೆ ಹೊಗೆ ಉಗುಳುತ್ತದೆ. ಕವಾಟದ ದಳಗಳು ಪ್ರತಿ ಮಿಡಿತಕ್ಕೂ ತೆರೆದು ಮುಚ್ಚಿ, ಬೆಂಕಿಯ ಎದುರು ನಿಂತು ಬೇಗನೆ ಸವೆಯುತ್ತವೆ. ಹವ್ಯಾಸಿ ಬೇಸರಪಡುವುದಿಲ್ಲ. ಏನು ಬದಲಿಸಿದೆ, ಏನಾಯಿತು ಎಂಬುದನ್ನು ವಹಿಯಲ್ಲಿ ಬರೆದಿಡುತ್ತಾನೆ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ಮತ್ತೆ ಪರೀಕ್ಷಿಸುತ್ತಾನೆ. ವಿಜ್ಞಾನಿಗಳು ಮಾಡುವುದೂ ಇದನ್ನೇ.

ಅದೇ ಯಂತ್ರ, ಬೇರೆ ಕೈ

ಈಗ ಒಂದು ದುಃಖದ ಸಂಗತಿಯನ್ನೂ ತಿಳಿಯಬೇಕು. ಜರ್ಮನಿಯ ಪಾಲ್ ಶ್ಮಿಟ್ ಎಂಬ ಎಂಜಿನಿಯರ್ 1930ರ ಹೊತ್ತಿಗೆ ಪಲ್ಸ್‌ಜೆಟ್ ಮೇಲೆ ಪ್ರಯೋಗ ನಡೆಸಿದ್ದನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಾಜಿ ಸರಕಾರವು ಇಂಥ ದೊಡ್ಡ ಪಲ್ಸ್‌ಜೆಟ್ಟನ್ನು ಪೈಲಟ್ ಇಲ್ಲದ ಹಾರುವ ಬಾಂಬಿಗೆ ಜೋಡಿಸಿತು. ಅದರ ಹೆಸರು ವಿ-1. ಮೇಲೆ ಹೇಳಿದ ಮೂರೂವರೆ ಮೀಟರ್ ಉದ್ದದ ಯಂತ್ರ ಇದರದೇ. ಅದು ಗಂಟೆಗೆ ಸುಮಾರು 640 ಕಿಲೋಮೀಟರ್ ವೇಗದಿಂದ, ಸುಮಾರು 250 ಕಿಲೋಮೀಟರ್ ದೂರ, ಅಂದರೆ ಸೊಲ್ಲಾಪುರದಿಂದ ಪುಣೆಗೆ ಇರುವಷ್ಟು ದೂರ ಹಾರುತ್ತಿತ್ತು. ಒಳಗೆ 800 ಕಿಲೋಗಿಂತ ಹೆಚ್ಚು ಸ್ಫೋಟಕ ವಸ್ತು ಇರುತ್ತಿತ್ತು.

1944ನೆಯ ಜೂನ್ 13ರಂದು ಮೊದಲ ವಿ-1 ಲಂಡನ್ ನಗರದಲ್ಲಿ ಬಿದ್ದಿತು. ಮುಂದಿನ ತಿಂಗಳುಗಳಲ್ಲಿ ಸಾವಿರಾರು ವಿ-1ಗಳು ಹಾರಿಬಂದವು. ಇಂಗ್ಲೆಂಡಿನಲ್ಲಿ 5,000ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ನಿಮ್ಮಂಥ ಮಕ್ಕಳೂ ಇದ್ದರು. ಆಕಾಶದಲ್ಲಿ ಭರ್ರ್ ಎಂಬ ಸದ್ದು ಕೇಳುತ್ತಿರುವವರೆಗೆ ಜನರಿಗೆ ಅಷ್ಟು ಭಯವಿರಲಿಲ್ಲ. ಸದ್ದು ಒಮ್ಮೆಲೇ ನಿಂತರೆ ಭಯ. ಏಕೆಂದರೆ ಯಂತ್ರ ನಿಂತ ಕೆಲವೇ ಕ್ಷಣಗಳಲ್ಲಿ ಬಾಂಬು ಕೆಳಗೆ ಬೀಳುತ್ತಿತ್ತು. ಈ ಬಾಂಬುಗಳನ್ನು ಮಾಡಲು ಕೈದಿಗಳನ್ನು ನೆಲದಡಿಯ ಕಾರಖಾನೆಯಲ್ಲಿ ಬಲವಂತವಾಗಿ ದುಡಿಸಲಾಯಿತು. ಅಲ್ಲಿಯೂ ಬಹಳ ಜನರು ಪ್ರಾಣ ಕಳೆದುಕೊಂಡರು.

ಅಕ್ಕಲಕೋಟೆಯ ಹಳೆಯ ಅರಮನೆಯಲ್ಲಿ ಶಸ್ತ್ರಾಗಾರವಿದೆ. ಒಂದು ಕಾಲದಲ್ಲಿ ಯುದ್ಧಕ್ಕಾಗಿ ಮಾಡಿದ ಕತ್ತಿ, ಬಂದೂಕುಗಳನ್ನು ಈಗ ಜನರು ನೋಡಲು ಬರುತ್ತಾರೆ. ಹಾಗೆಯೇ ವಿ-1 ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ತೂಗುಹಾಕಿದ ನೋಡುವ ವಸ್ತುವಾಗಿದೆ. ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯದು. ಅದನ್ನು ತಿಳಿಯಬೇಕಾದವರು ಯಂತ್ರವನ್ನು ಮಾಡುವವರು ಮತ್ತು ನಡೆಸುವವರು. ಬಾಂಬನ್ನು ಹೊತ್ತೊಯ್ದ ಯಂತ್ರವೇ ಹವ್ಯಾಸಿಯ ಕೈಯಲ್ಲಿ ಅರ್ಧ ಕಿಲೋದ ಆಟದ ಸಂಗಾತಿಯಾಯಿತು.

ನಮ್ಮ ನಾಡಿನಲ್ಲಿ

ವಿಮಾನಗಳ ವಿಷಯದಲ್ಲಿ ನಮ್ಮ ನಾಡೂ ಹಿಂದೆ ಬಿದ್ದಿಲ್ಲ. ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಹತ್ತಿರ, ಹಸೂರಚಂಪು ಎಂಬ ಹಳ್ಳಿ ಇದೆ. ಅಲ್ಲಿ 1908ರಲ್ಲಿ ವಿಷ್ಣು ಮಾಧವ ಘಾಟಗೆ ಅವರು ಹುಟ್ಟಿದರು. ಅವರು ಜರ್ಮನಿಗೆ ಹೋಗಿ ಗಾಳಿಯ ಹರಿವಿನ ಶಾಸ್ತ್ರವನ್ನು ಕಲಿತರು. ಮರಳಿ ಬಂದು ಬೆಂಗಳೂರಿನಲ್ಲಿ ವಿಮಾನ ಕಾರಖಾನೆ ಸೇರಿದರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ವಿಮಾನ 1951ರಲ್ಲಿ ಮೊದಲ ಸಲ ಹಾರಿತು. ಮುಂದೆ ಅನೇಕ ಪೈಲಟರು ಈ ವಿಮಾನದಲ್ಲಿಯೇ ಹಾರಲು ಕಲಿತರು. ಗಡಿಯ ಒಂದು ಹಳ್ಳಿಯ ಹುಡುಗ ದೇಶಕ್ಕೆ ವಿಮಾನ ಕಟ್ಟಿಕೊಟ್ಟನು.

ಬೆಂಗಳೂರಿನಲ್ಲಿಯೇ ‘ಲಕ್ಷ್ಯ’ ಎಂಬ ಪೈಲಟ್ ಇಲ್ಲದ ವಿಮಾನವೂ ತಯಾರಾಯಿತು. ವಿ-1ರಂತೆ ಅದಕ್ಕೂ ಪೈಲಟ್ ಇಲ್ಲ. ಆದರೆ ಅದು ಯಾರ ಮೇಲೂ ಬೀಳಲು ಹಾರುವುದಿಲ್ಲ. ಸೈನಿಕರು ಗುರಿಯಿಡಲು ಕಲಿಯಲೆಂದು ಗುರಿಯನ್ನು ಹೊತ್ತು ಹಾರುತ್ತದೆ. ಕೆಲಸ ಮುಗಿದ ಮೇಲೆ ಪ್ಯಾರಾಶೂಟ್ ಬಿಚ್ಚಿಕೊಂಡು ಕೆಳಗೆ ಇಳಿಯುತ್ತದೆ. ಅದರ ಯಂತ್ರ ಪಲ್ಸ್‌ಜೆಟ್ ಅಲ್ಲ. ಅದು ಒಳಗೆ ಚಕ್ರಗಳು ತಿರುಗುವ ಬೇರೆ ಬಗೆಯ ಜೆಟ್. ಬೆಂಗಳೂರಿನ ವಿಮಾನ ಕಾರಖಾನೆಯಲ್ಲಿಯೇ ಅದನ್ನು ಮಾಡಿದರು.

ಮಾದರಿ ವಿಮಾನ ಕಟ್ಟುವುದನ್ನು ಕಲಿಯುವ ಅವಕಾಶ ನಿಮಗೂ ಇದೆ. ಎನ್‌ಸಿಸಿಯ ವಾಯುವಿಭಾಗದಲ್ಲಿ ಸೇರಿದ ವಿದ್ಯಾರ್ಥಿಗಳಿಗೆ ಮಾದರಿ ವಿಮಾನಗಳನ್ನು ಕಟ್ಟಲು ಮತ್ತು ಹಾರಿಸಲು ಕಲಿಸುತ್ತಾರೆ. ಈಗ ಹೆಚ್ಚಿನ ಮಾದರಿಗಳು ಬ್ಯಾಟರಿಯ ಮೋಟಾರಿನಿಂದ ಹಾರುತ್ತವೆ. ಸದ್ದು ಕಡಿಮೆ, ಬೆಂಕಿ ಇಲ್ಲ. ಪಲ್ಸ್‌ಜೆಟ್ ಹಾರಿಸುವವರು ಎಲ್ಲ ದೇಶಗಳಲ್ಲಿಯೂ ಕೆಲವರೇ.

ಸರಳ, ಆದರೆ ಸುರಕ್ಷಿತವಲ್ಲ

ಈಗ ಬಹಳ ಮುಖ್ಯವಾದ ಮಾತು. ಗಮನವಿಟ್ಟು ಓದಿರಿ. ಮೊಬೈಲಿನಲ್ಲಿ ಗಾಜಿನ ಬಾಟಲಿಯಲ್ಲಿಯೋ ಡಬ್ಬಿಯಲ್ಲಿಯೋ ಇಂಧನ ಹಾಕಿ, ಬೆಂಕಿ ಹಚ್ಚಿ ‘ಮನೆಯಲ್ಲೇ ಜೆಟ್’ ಮಾಡುವ ಚಿತ್ರಗಳು ನಿಮಗೆ ಕಾಣಿಸಬಹುದು. “ಒಂದು ಕೊಳವೆ ಅಷ್ಟೇ ತಾನೇ? ನಾವೂ ಮಾಡೋಣ” ಎಂದು ಅನಿಸಬಹುದು. ಮಾಡಬೇಡಿರಿ. ರಚನೆ ಸರಳವಾಗಿದೆ ಎಂದ ಮಾತ್ರಕ್ಕೆ ವಸ್ತು ಸುರಕ್ಷಿತವಾಗಿದೆ ಎಂದು ಅರ್ಥವಲ್ಲ. ಬೆಂಕಿಕಡ್ಡಿಗಿಂತ ಸರಳವಾದ ವಸ್ತು ಯಾವುದಿದೆ? ಅದು ಒಂದು ಮನೆಯನ್ನೇ ಸುಡಬಲ್ಲದು. ಗಾಜಿನ ಬಾಟಲಿ ಒಡೆದರೆ ಚೂರುಗಳು ಕಣ್ಣಿಗೆ ಹೊಕ್ಕುತ್ತವೆ. ಬಾಟಲಿಯಲ್ಲಿ ಉರಿಯುವ ಇಂಧನದ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣಿಸದೆಯೂ ಇರಬಹುದು.

ಅನುಭವಿ ಹವ್ಯಾಸಿಗಳೂ ಪಲ್ಸ್‌ಜೆಟ್ ಹೊತ್ತಿಸುವಾಗ ಕಿವಿಗೆ ಸದ್ದು ತಡೆಯುವ ಸಾಧನ ಹಾಕುತ್ತಾರೆ. ಅದರ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡುವಷ್ಟು ದೊಡ್ಡದು. ಕೈಗೆ ದಪ್ಪ ಚೀಲ, ಕಣ್ಣಿಗೆ ಕನ್ನಡಕ ಹಾಕುತ್ತಾರೆ. ಬೆಂಕಿ ಆರಿಸುವ ಸಾಧನವನ್ನು ಪಕ್ಕದಲ್ಲಿಯೇ ಇಟ್ಟಿರುತ್ತಾರೆ. ಒಬ್ಬರೇ ಎಂದೂ ಮಾಡುವುದಿಲ್ಲ. ನೋಡುವವರನ್ನು ದೂರ ನಿಲ್ಲಿಸುತ್ತಾರೆ.

ನಮ್ಮ ಸೀಮೆಯಲ್ಲಿ ಇನ್ನೂ ಒಂದು ಅಪಾಯವಿದೆ. ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಹೊಲಗಳು ದೂರದವರೆಗೆ ಬಯಲಾಗಿ ಕಾಣುತ್ತವೆ. ವಿಮಾನ ಹಾರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎನಿಸುತ್ತದೆ. ಆದರೆ ಅಲ್ಲಿ ಒಣಗಿದ ಕೂಳೆ ನಿಂತಿರುತ್ತದೆ. ಬದುವಿನ ಬಳಿ ಕಣಿಕೆಯ ಬಣವೆ ಇರುತ್ತದೆ. ಕೆಂಪಗೆ ಕಾದ ಒಂದು ಕೊಳವೆ ಅಲ್ಲಿ ಬಿದ್ದರೆ ಸಾಕು, ದನಕರುಗಳ ಇಡೀ ಬೇಸಿಗೆಯ ಮೇವು ಗಳಿಗೆಯಲ್ಲಿ ಬೂದಿಯಾಗುತ್ತದೆ. ರೈತನ ವರ್ಷದ ದುಡಿಮೆಗಿಂತ ನಮ್ಮ ಆಟ ದೊಡ್ಡದಲ್ಲ.

ಆಕಾಶವೂ ನಮ್ಮೊಬ್ಬರದಲ್ಲ. 2025ರ ಜೂನ್ ತಿಂಗಳಲ್ಲಿ ಸೊಲ್ಲಾಪುರದಿಂದ ಗೋವಾಕ್ಕೆ ಪ್ರಯಾಣಿಕರ ವಿಮಾನ ಸಂಚಾರ ಆರಂಭವಾಯಿತು. ಹೋಟಗಿ ರಸ್ತೆಯ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನದ ದಾರಿಗೆ ಸಣ್ಣ ವಸ್ತು ಅಡ್ಡ ಬಂದರೂ ದೊಡ್ಡ ಅನಾಹುತವಾದೀತು. ಆದ್ದರಿಂದಲೇ ಪೈಲಟ್ ಇಲ್ಲದ ವಿಮಾನಗಳನ್ನು ಎಲ್ಲಿ ಹಾರಿಸಬಹುದು, ಎಲ್ಲಿ ಹಾರಿಸಬಾರದು ಎಂಬುದಕ್ಕೆ ನಮ್ಮ ದೇಶದಲ್ಲಿ 2021ರ ಡ್ರೋನ್ ನಿಯಮಗಳಿವೆ. ದೊಡ್ಡವರಾಗಿ ಮಾದರಿ ವಿಮಾನ ಹಾರಿಸುವಾಗ ಈ ನಿಯಮಗಳನ್ನು ಮೊದಲು ತಿಳಿದುಕೊಳ್ಳಿರಿ.

ಹಾಗಾದರೆ ಈಗ ಏನು ಮಾಡಬೇಕು? ಮಾಡಲು ಬಹಳವಿದೆ. ಕಾಗದದ ವಿಮಾನ ಮಾಡಿರಿ. ಅದರ ಮೂತಿಗೆ ಒಂದು ಕಾಗದದ ಪಿನ್ನು ಸಿಕ್ಕಿಸಿ ಹಾರಿಸಿರಿ, ಹೆಜ್ಜೆಗಳಿಂದ ದೂರ ಅಳೆಯಿರಿ. ಪಿನ್ನನ್ನು ತುಸು ಹಿಂದೆ ಸರಿಸಿ ಮತ್ತೆ ಅಳೆಯಿರಿ. ಯಾವ ಸ್ಥಾನದಲ್ಲಿ ವಿಮಾನ ಬಹು ದೂರ ಹೋಯಿತು ಎಂಬುದನ್ನು ವಹಿಯಲ್ಲಿ ಬರೆಯಿರಿ. ನೆನಪಿಡಿರಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಹೀಗೆ ಅಳೆದು, ಬರೆದು, ಕಾರಣ ಹುಡುಕುವುದನ್ನು ಇಂದೇ ಕಲಿತವರು ನಾಳೆ ಯಾವ ಯಂತ್ರವನ್ನಾದರೂ ತಿಳಿದು ನಡೆಸಬಲ್ಲರು.

ಶಬ್ದಾರ್ಥ

ಹವ್ಯಾಸಿ – ಬಿಡುವಿನಲ್ಲಿ ಪ್ರೀತಿಯಿಂದ ಕೆಲಸ ಮಾಡುವವನು
ತಿದಿ – ಬೆಂಕಿಗೆ ಗಾಳಿ ಊದುವ ಚೀಲದಂಥ ಸಾಧನ
ಕವಾಟ – ಒಂದೇ ಕಡೆಗೆ ದಾರಿ ಬಿಡುವ ಮುಚ್ಚಳ
ಮೇಟಿ – ಕಣದ ನಡುವೆ ನೆಟ್ಟ ಕಂಬ
ಕೂಳೆ – ಪೈರು ಕೊಯ್ದ ಮೇಲೆ ಉಳಿಯುವ ಬುಡ

ಸ್ವಾಧ್ಯಾಯ

1. ಒಂದು ವಾಕ್ಯದಲ್ಲಿ ಉತ್ತರಿಸಿರಿ.
ಅ) ಪಲ್ಸ್‌ಜೆಟ್‌ನ ಮೂರು ಭಾಗಗಳು ಯಾವುವು?
ಆ) ಎಚ್‌ಟಿ-2 ವಿಮಾನ ಯಾವ ವರ್ಷ ಮೊದಲ ಸಲ ಹಾರಿತು?
ಇ) ಬಾಲ್ಸಾ ಕಟ್ಟಿಗೆಯನ್ನು ರೆಕ್ಕೆಗಳಿಗೆ ಏಕೆ ಬಳಸುತ್ತಾರೆ?

2. ಕಾರಣ ಕೊಡಿರಿ.
ಅ) ತಗಡಿನ ದೋಣಿಯೊಳಗೆ ನೀರು ಬರುವಾಗ ಅದು ಹಿಂದಕ್ಕೆ ಸರಿಯುವುದಿಲ್ಲ.
ಆ) ವಿ-1ರ ಸದ್ದು ನಿಂತಾಗ ಲಂಡನ್ನಿನ ಜನರು ಹೆದರುತ್ತಿದ್ದರು.
ಇ) ಜೋಳದ ಕೂಳೆ ಇರುವ ಹೊಲದಲ್ಲಿ ಪಲ್ಸ್‌ಜೆಟ್ ಹಾರಿಸಬಾರದು.

3. ಲೆಕ್ಕ ಮಾಡಿರಿ. ನಿಮ್ಮ ನಾಡಿ ಒಂದು ನಿಮಿಷಕ್ಕೆ ಎಷ್ಟು ಸಲ ಮಿಡಿಯುತ್ತದೆ? ಸೆಕೆಂಡಿಗೆ 200 ಸಲ ಮಿಡಿಯುವ ಪಲ್ಸ್‌ಜೆಟ್ ಅಷ್ಟು ಮಿಡಿತಗಳನ್ನು ಮುಗಿಸಲು ಎಷ್ಟು ಹೊತ್ತು ಬೇಕು?

4. ಉಪಕ್ರಮ: ನಿಮ್ಮ ಮನೆ ಮತ್ತು ಊರಿನಲ್ಲಿ ಕವಾಟವಿರುವ ಐದು ವಸ್ತುಗಳನ್ನು ಹುಡುಕಿರಿ. ಕವಾಟ ಯಾವ ಕಡೆಗೆ ದಾರಿ ಬಿಡುತ್ತದೆ ಎಂಬುದನ್ನು ಬರೆಯಿರಿ.